ಉಂಗುರಮ್ಮನ ಉಸಿರುಗಂಡಿ

ಮಕ್ಕಳೇ, ಕಡಲ ಮೇಲಿನ ಮಂಜುಗಡ್ಡೆ ಏಕೆ ಕರಗುತ್ತದೆ ಎಂಬುದಕ್ಕೆ ಉತ್ತರಧ್ರುವದ ಹಿಮನರಿಗಳಲ್ಲಿ ಒಂದು ಹಳೆಯ ಕತೆಯಿದೆ. ಧವಳೆ ಎಂಬ ನರಿ ಅದನ್ನು ತನ್ನ ಅಜ್ಜಿಯ ಬಾಯಿಂದ ಕೇಳಿದ್ದಳು. ಮೊದಲು ಕಡಲು ವರ್ಷವಿಡೀ ಗಡ್ಡೆ ಕಟ್ಟಿಕೊಂಡೇ ಇತ್ತಂತೆ. ಚಳಿಯೆಲ್ಲ ಅದರೊಳಗೆ ಭದ್ರವಾಗಿತ್ತಂತೆ. ಒಂದು ದಿನ ಮೊಟ್ಟಮೊದಲ ಸೀಲ್ ಪ್ರಾಣಿ ಉಸಿರಾಡಲೆಂದು ಗಡ್ಡೆಗೆ ತೂತು ಕೊರೆಯಿತಂತೆ. ಆ ತೂತಿನಿಂದ ಚಳಿ ಸೋರಿಹೋಯಿತಂತೆ. ಅಂದಿನಿಂದ ಬೇಸಿಗೆ ಬಂದಾಗಲೆಲ್ಲ ಕಡಲು ಕರಗುತ್ತದಂತೆ.

ಮರಿಯಾಗಿದ್ದಾಗಲೇ ಧವಳೆಗೆ ಈ ಕತೆಯಲ್ಲಿ ಏನೋ ಕೊರತೆಯಿದೆ ಎನ್ನಿಸಿತ್ತು.

"ಅಜ್ಜಿ, ತೂತು ಕೊರೆಯುವ ಮೊದಲು ಆ ಸೀಲ್ ಹೇಗೆ ಉಸಿರಾಡುತ್ತಿತ್ತು?" ಎಂದು ಅವಳು ಕೇಳಿದ್ದಳು.

ಅಜ್ಜಿ ಅವಳ ಕಿವಿಯನ್ನು ಮೆಲ್ಲಗೆ ಕಚ್ಚಿ, "ಕತೆ ಕೇಳುವಾಗ ಬಾಯಿ ಮುಚ್ಚಿಕೊಂಡಿರಬೇಕು" ಎಂದಿದ್ದಳು. ಉತ್ತರ ಮಾತ್ರ ಸಿಕ್ಕಿರಲಿಲ್ಲ.

ಈಗ ಧವಳೆಯೇ ಮೂರು ಮರಿಗಳ ತಾಯಿ. ಅವಳ ಬಿಲವಿದ್ದದ್ದು ಒಂದು ಸಣ್ಣ ಕಲ್ಲುದ್ವೀಪದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಕಡಲ ಹಕ್ಕಿಗಳು ಗೂಡು ಕಟ್ಟುತ್ತಿದ್ದವು; ಊಟಕ್ಕೆ ಕೊರತೆಯಿರಲಿಲ್ಲ. ಹಕ್ಕಿಗಳು ಹಾರಿಹೋದ ಮೇಲೆ ದ್ವೀಪದಲ್ಲಿ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ದ್ವೀಪಕ್ಕೂ ಆಚೆಯ ದೊಡ್ಡ ನೆಲಕ್ಕೂ ನಡುವಿನ ನೀರು ಗಟ್ಟಿಯಾಗುತ್ತಿತ್ತು. ನರಿಗಳು ಅದರ ಮೇಲೆ ನಡೆದು ದಾಟಿ, ದೊಡ್ಡ ನೆಲದ ಹಿಮದಡಿ ಓಡಾಡುವ ಇಲಿಗಳನ್ನು ಹಿಡಿದು ಚಳಿಗಾಲ ಕಳೆಯುತ್ತಿದ್ದವು.

ಆ ವರ್ಷ ಹಕ್ಕಿಗಳು ಹೋಗಿ ಬಹಳ ದಿನಗಳಾದರೂ ನೀರು ಕಪ್ಪಗೆ ಅಲುಗಾಡುತ್ತಲೇ ಇತ್ತು. ಕೊನೆಗೆ ಗಡ್ಡೆ ಕಟ್ಟಿತು, ಆದರೆ ಅದು ಬೂದುಬಣ್ಣದ ತೆಳು ಗಡ್ಡೆ. ಮರಿಗಳ ಪಕ್ಕೆಲುಬುಗಳು ತುಪ್ಪಳದ ಮೇಲಿಂದಲೇ ಎಣಿಸುವಂತಾಗಿದ್ದವು.

ಒಂದು ದಿನ ಕಾಳಪ್ಪ ಎಂಬ ಕಾಗೆ ಬಂದು ಬಿಲದ ಬಾಯಲ್ಲಿ ಕುಳಿತ.

"ಧವಳಕ್ಕ, ಇಷ್ಟು ತಡವಾಗಿ ಗಡ್ಡೆ ಕಟ್ಟಿದ್ದನ್ನು ಎಂದಾದರೂ ಕಂಡಿದ್ದೆಯಾ?"

"ಇಲ್ಲ."

"ಯಾರ ಕೆಲಸವಿರಬಹುದು?"

"ಯಾರದೋ ಕೆಲಸ ಎಂದು ನಾನು ಹೇಳಲಿಲ್ಲವಲ್ಲ."

"ನಾನೂ ಹೇಳಲಿಲ್ಲ. ಮೇಲಿಂದ ಕಂಡದ್ದನ್ನು ಹೇಳುತ್ತೇನೆ, ಅಷ್ಟೆ. ನಿನ್ನ ನೆರೆಯ ಉಂಗುರಮ್ಮ ಈ ಸಲ ಏಳು ಕಡೆ ಗಂಡಿ ಕೊರೆದಿದ್ದಾಳೆ. ಒಂದು ಮೂಗಿಗೆ ಏಳು ಗಂಡಿ ಯಾಕೆ ಬೇಕು, ನೀನೇ ಯೋಚಿಸು."

ಉಂಗುರಮ್ಮ ಒಂದು ಹೆಣ್ಣು ಸೀಲ್. ಮೈಮೇಲೆ ಉಂಗುರದಂಥ ಮಚ್ಚೆಗಳಿದ್ದುದರಿಂದ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು. ಗಡ್ಡೆಯ ಕೆಳಗಿನ ನೀರಿನಲ್ಲಿ ವಾಸ. ಉಸಿರಾಡಲು ಮಾತ್ರ ಗಂಡಿಯಿಂದ ಮೂಗು ಹೊರಗೆ ಹಾಕುತ್ತಿದ್ದಳು.

ಧವಳೆ ಎರಡು ದಿನ ಒಂದು ಹಿಮದಿಬ್ಬದ ಹಿಂದೆ ಅವಿತು ಅವಳನ್ನು ಗಮನಿಸಿದಳು. ಅಜ್ಜಿಯ ಕತೆಯನ್ನು ಅವಳು ಪೂರ್ತಿ ನಂಬಿದವಳಲ್ಲ. ಆದರೆ ಹೊಟ್ಟೆ ಹಸಿದಿತ್ತು, ಮತ್ತು ಆ ಕತೆಯಲ್ಲಿ ತಪ್ಪು ಹೊರಿಸಲು ಒಬ್ಬರ ಹೆಸರಿತ್ತು. ಉಂಗುರಮ್ಮ ಮೂಗು ಎತ್ತುವ ಮೊದಲು ಸುತ್ತಲೂ ನೋಡಿದರೆ, "ಕದ್ದು ಮಾಡುವ ಕೆಲಸವಲ್ಲದಿದ್ದರೆ ಈ ಅಂಜಿಕೆ ಏಕೆ?" ಎನ್ನಿಸಿತು. ಉಗುರಿನಿಂದ ಗಂಡಿಯ ಅಂಚನ್ನು ಕೆರೆದರೆ, "ನೋಡು, ಇನ್ನಷ್ಟು ಅಗಲ ಮಾಡುತ್ತಿದ್ದಾಳೆ" ಎನ್ನಿಸಿತು. ಅವಳು ಸುಮ್ಮನಿದ್ದರೂ ಧವಳೆಗೆ ಅನುಮಾನವೇ.

ಮೂರನೆಯ ದಿನ ಅವಳು ಗಂಡಿಯ ಬಳಿಗೆ ಹೋಗಿ ನಿಂತಳು.

"ಉಂಗುರಮ್ಮ, ಇಷ್ಟೊಂದು ಗಂಡಿ ಯಾರಿಗಾಗಿ?"

"ನನಗಾಗಿಯೇ. ಒಂದರ ಪಕ್ಕದಲ್ಲಿ ಬಿಳಿ ಕರಡಿ ಕಾದು ಕುಳಿತರೆ ನಾನು ಇನ್ನೊಂದಕ್ಕೆ ಓಡಬೇಕಲ್ಲ."

"ನಿನ್ನ ಗಂಡಿಗಳಿಂದಲೇ ಗಡ್ಡೆ ಗಟ್ಟಿಯಾಗುತ್ತಿಲ್ಲ ಎನ್ನುತ್ತಾರೆ."

"ಎನ್ನುವವರು ಯಾರು?"

"ಹಲವರು" ಎಂದಳು ಧವಳೆ. ಹೇಳಿದವನು ಒಬ್ಬನೇ.

ಉಂಗುರಮ್ಮ ನಿಟ್ಟುಸಿರು ಬಿಟ್ಟಳು. "ದಿನವೂ ಕೆರೆಯುವವಳಿಗೆ ಗಡ್ಡೆಯ ದಪ್ಪ ಗೊತ್ತಿರುತ್ತದೆ, ತಾಯಿ. ಹೋದ ವರ್ಷ ಈ ಹೊತ್ತಿಗೆ ಗಂಡಿ ನನ್ನ ಕೊರಳುದ್ದ ಆಳವಿತ್ತು. ಈಗ ಅದರ ಕಾಲುಭಾಗವೂ ಇಲ್ಲ. ನೀರೇ ಬೆಚ್ಚಗಿದೆ. ಬಿಳಿಯ ಗಡ್ಡೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ನೀರು ಅದನ್ನು ಕುಡಿದುಬಿಡುತ್ತದೆ. ಈ ಬೇಸಿಗೆ ಗಡ್ಡೆ ಬೇಗ ಕರಗಿತು, ನೀರು ತಿಂಗಳುಗಟ್ಟಲೆ ಬಿಸಿಲು ಕುಡಿಯಿತು. ಆ ಬಿಸಿ ಆರುವವರೆಗೆ ಗಡ್ಡೆ ಬಲಿಯುವುದಿಲ್ಲ."

"ಬೇಗ ಕರಗಿದ್ದೇಕೆ?"

"ದಕ್ಷಿಣದಿಂದ ಬರುವ ರೀವ ಎಂಬ ಕಡಲ ಹಕ್ಕಿಗಳು ಹೇಳಿದವು. ಅಲ್ಲಿ ಮನುಷ್ಯರು ಕಲ್ಲಿದ್ದಲು, ಎಣ್ಣೆ ಎಲ್ಲ ಸುಡುತ್ತಾರಂತೆ. ಅದರಿಂದ ಏಳುವ ಅನಿಲ ಆಕಾಶದಲ್ಲಿ ಕಂಬಳಿಯಂತೆ ಹರಡಿ, ಭೂಮಿಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದಂತೆ."

"ಎಲ್ಲೋ ಯಾರೋ ಒಲೆ ಹಚ್ಚಿದರೆ ಇಲ್ಲಿ ನನ್ನ ಮಕ್ಕಳ ಕಾಲಡಿಯ ಗಡ್ಡೆ ತೆಳ್ಳಗಾಗುತ್ತದೆಯೇ? ಹೇಳಿದ ಹಕ್ಕಿಗಳು ಹಾರಿಹೋಗಿವೆ, ಕೇಳೋಣವೆಂದರೆ ಸಾಕ್ಷಿಯಿಲ್ಲ. ನಿನಗೆ ಒಳ್ಳೆಯ ಅನುಕೂಲ."

"ನಂಬುವುದು ಬಿಡುವುದು ನಿನ್ನಿಷ್ಟ. ಗಡ್ಡೆ ಬಲಿತಾಗ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಮಕ್ಕಳನ್ನು ಕರೆದುಕೊಂಡು ದಾಟಬೇಡ."

ನಾವು ಇಲ್ಲೇ ಹಸಿದು ಸಾಯಲಿ ಎಂದೇ ಇವಳು ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡಳು ಧವಳೆ. ಅವಳ ಧ್ವನಿ ಬಿಗಿಯಾಯಿತು.

"ನಾಳೆಯೊಳಗೆ ನೀನು ಇಲ್ಲಿಂದ ಹೋಗಬೇಕು. ಇಲ್ಲದಿದ್ದರೆ ಏಳು ಗಂಡಿಗಳೂ ಎಲ್ಲೆಲ್ಲಿವೆ ಎಂದು ಬಿಳಿ ಕರಡಿಗೆ ತೋರಿಸಿಕೊಡುತ್ತೇನೆ."

ಉಂಗುರಮ್ಮ ಅವಳನ್ನೇ ದಿಟ್ಟಿಸಿ ನೋಡಿದಳು. ನೀರೊಳಗೆ ಮುಳುಗಿದಳು. ಮರುದಿನ ಏಳರಲ್ಲಿ ಒಂದು ಗಂಡಿಯಲ್ಲೂ ಮೂಗು ಕಾಣಲಿಲ್ಲ.

ಕೆರೆಯುವವರಿಲ್ಲದೆ ಗಂಡಿಗಳ ಮೇಲೆ ತೆಳು ಪದರ ಮೂಡಿತು. ಧವಳೆ ಐದು ದಿನ ಕಾದಳು. ದಡದ ಬಳಿ ಕಾಲಿಟ್ಟು ನೋಡಿದಳು, ಗಡ್ಡೆ ಅಲುಗಲಿಲ್ಲ. "ಕಂಡಿರಾ, ಗಂಡಿ ಮುಚ್ಚಿದ ಕೂಡಲೇ ಗಟ್ಟಿಯಾಯಿತು" ಎಂದು ಮರಿಗಳಿಗೆ ಹೇಳಿ, ನಡುಹಗಲಿನ ಮಂಕು ಬೆಳಕಿನಲ್ಲಿ ಅವುಗಳನ್ನು ಸಾಲಾಗಿ ಕರೆದುಕೊಂಡು ಹೊರಟಳು.

ನಡುದಾರಿಯವರೆಗೆ ಏನೂ ಆಗಲಿಲ್ಲ. ಅಲ್ಲಿ ಉಂಗುರಮ್ಮ ಎಂದೂ ಗಂಡಿ ಕೊರೆದಿರಲಿಲ್ಲ. ಹಾಗಾಗಿ ಧವಳೆ ಹೆಜ್ಜೆಯನ್ನು ಚುರುಕುಗೊಳಿಸಿದಳು. ಆಗ ಕಾಲಡಿಯಲ್ಲಿ ಸದ್ದಾಯಿತು. ಗಡ್ಡೆ ಬಾಗಿತು, ಸೀಳಿತು. ಸಾಲಿನ ಕೊನೆಯಲ್ಲಿದ್ದ, ಚಿಗುರಿ ಎಂಬ ಹೆಸರಿನ ಕಿರಿಯ ಮರಿ ನೀರಿಗೆ ಬಿದ್ದಳು.

"ಅಮ್ಮಾ" ಎಂದ ಧ್ವನಿ ಅರ್ಧಕ್ಕೆ ನಿಂತುಹೋಯಿತು.

ಧವಳೆ ಹೊಟ್ಟೆಯ ಮೇಲೆ ತೆವಳಿ, ಒಡೆದ ಅಂಚಿನಿಂದ ಬಾಗಿ, ಮರಿಯ ಕತ್ತಿನ ತೊಗಲನ್ನು ಕಚ್ಚಿ ಹಿಡಿದಳು. ಅಂಚು ಮತ್ತೊಮ್ಮೆ ಮುರಿಯಿತು. ಅವಳ ಮುಂಗಾಲುಗಳೂ ನೀರಿಗಿಳಿದವು. ಆದರೂ ಹಲ್ಲು ಸಡಿಲಿಸದೆ ಹಿಂದಕ್ಕೆ ಜಗ್ಗಿ ಜಗ್ಗಿ ಚಿಗುರಿಯನ್ನು ಮೇಲೆಳೆದಳು. ನಾಲ್ವರೂ ಬಂದ ದಾರಿಯಲ್ಲೇ ದ್ವೀಪಕ್ಕೆ ಮರಳಿದರು. ನಡುಗುವ ಮರಿಯನ್ನು ಅಕ್ಕಂದಿರ ನಡುವೆ ಮಲಗಿಸಿ ಧವಳೆ ಹೊರಗೆ ಬಂದಾಗ ಕಾಳಪ್ಪ ಕಾದಿದ್ದ.

"ಉಂಗುರಮ್ಮನನ್ನು ಸುಮ್ಮನೆ ಹೆದರಿಸಿ ಕಳಿಸಿದೆಯಂತೆ" ಎಂದ ಅವನು, ಬೇಸರದಿಂದ. "ಕರಡಿಗೆ ಹೇಳಿಬಿಡಬೇಕಿತ್ತು. ಅದು ತಿಂದು ಉಳಿಸಿದ ಚೂರುಗಳು ನಮ್ಮಿಬ್ಬರಿಗೂ ಆಗುತ್ತಿದ್ದವು."

ಧವಳೆ ಅವನ ಮುಖ ನೋಡಿದಳು. ಎರಡು ದಿನ ದಿಬ್ಬದ ಹಿಂದೆ ಅವಿತು ಅವಳು ಗಮನಿಸಬೇಕಿದ್ದದ್ದು ಈ ಮುಖವನ್ನು.

"ಇನ್ನು ನನ್ನ ಬಿಲದ ಬಾಯಿಗೆ ಬರಬೇಡ ಕಾಳಪ್ಪ" ಎಂದಳು.

ಮರುದಿನ ಅವಳು ಗಂಡಿಗಳ ಬಳಿಗೆ ಹೋಗಿ, ಮೇಲಿನ ಪದರವನ್ನು ಒಡೆದು, ಪಂಜವನ್ನು ಒಳಗಿಳಿಸಿ ಅಂಚಿನ ದಪ್ಪವನ್ನು ಅಳೆದಳು. ಏಳು ಗಂಡಿಗಳಿದ್ದ ಕಡೆ ಗಡ್ಡೆ ಎರಡು ಪಂಜದಷ್ಟು ದಪ್ಪವಿತ್ತು. ಒಂದೂ ಗಂಡಿಯಿಲ್ಲದ ನಡುಗಡಲಲ್ಲಿ, ಚಿಗುರಿ ಬಿದ್ದ ಜಾಗದಲ್ಲಿ, ಅದು ಅರ್ಧ ಪಂಜವೂ ಇರಲಿಲ್ಲ ಎಂಬುದನ್ನು ಅವಳ ಕಾಲುಗಳೇ ಕಂಡಿದ್ದವು. ಗಂಡಿಯೇ ಕಾರಣವಾಗಿದ್ದರೆ ಲೆಕ್ಕ ತಿರುಗುಮುರುಗಾಗಿರಬೇಕಿತ್ತು.

ದ್ವೀಪವನ್ನು ಬಳಸಿಕೊಂಡು ಹುಡುಕಿದಾಗ ಹಿಂಬದಿಯ ಕೊಲ್ಲಿಯಲ್ಲಿ ಒಂದು ಹೊಸ ಗಂಡಿ ಕಾಣಿಸಿತು.

"ಅಲ್ಲೇ ನಿಲ್ಲು" ಎಂದಳು ಉಂಗುರಮ್ಮ. "ನಲವತ್ತು ಹೆಜ್ಜೆ ದೂರದಿಂದ ಮಾತಾಡು. ನಿನ್ನ ಹಿಂದೆ ಯಾರಿದ್ದಾರೋ ನನಗೇನು ಗೊತ್ತು."

ಧವಳೆ ಅಲ್ಲೇ ನಿಂತಳು. "ನನ್ನಿಂದ ತಪ್ಪಾಯಿತು. ನಿನ್ನ ಮಾತು ಕೇಳದೆ ಚಿಗುರಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಕರಡಿಗೆ ನಾನು ಏನನ್ನೂ ಹೇಳಿಲ್ಲ."

"ಮರಿ ಹೇಗಿದೆ?"

"ಕೆಮ್ಮುತ್ತಿದೆ. ಬದುಕುತ್ತದೆ, ಊಟ ಸಿಕ್ಕರೆ."

ಉಂಗುರಮ್ಮ ಮೂಗನ್ನು ಗಂಡಿಯಿಂದ ಇನ್ನಷ್ಟು ಮೇಲೆತ್ತಿದಳು. "ನಿನ್ನನ್ನು ನಂಬುವುದಕ್ಕೆ ನನಗೆ ಇನ್ನೂ ಕಾಲ ಬೇಕು. ಆದರೆ ಮಕ್ಕಳು ನನ್ನನ್ನು ಹೆದರಿಸಲಿಲ್ಲವಲ್ಲ. ದಿನವೂ ಬಂದು ದೂರದಲ್ಲೇ ನಿಲ್ಲು. ಗಡ್ಡೆಯ ದಪ್ಪ ಹೇಳುತ್ತೇನೆ."

ಇಪ್ಪತ್ತೆರಡು ದಿನ ಅವಳು "ಇಲ್ಲ" ಎಂದಳು. ಅಷ್ಟು ದಿನವೂ ನರಿಗಳು ದಡಕ್ಕೆ ಬಿದ್ದ ಕಡಲಪಾಚಿ, ಸತ್ತ ಏಡಿ ತಿಂದು ಜೀವ ಹಿಡಿದವು. ಇಪ್ಪತ್ತಮೂರನೆಯ ದಿನ, "ಈಗ ಹೊರಡು. ಒಬ್ಬರಿಂದೊಬ್ಬರು ದೂರ ದೂರ ನಡೆಯಿರಿ" ಎಂದಳು. ಕಾಲೆಳೆದುಕೊಂಡು ನಡೆದ ಚಿಗುರಿಯೂ ಸೇರಿ ನಾಲ್ವರೂ ದೊಡ್ಡ ನೆಲವನ್ನು ಮುಟ್ಟಿದರು.

ಆದರೂ ಧವಳೆ ಧವಳೆಯೇ. ಅಜ್ಜಿಯ ಕತೆಯನ್ನು ಅಳೆದು ನೋಡಿದವಳು ಉಂಗುರಮ್ಮನ ಮಾತನ್ನೂ ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಚಳಿಗಾಲ ಕಳೆದು ಬಿಸಿಲು ಮರಳಿದ ಮೇಲೆ, ಹಿಮದ ಮೇಲೆ ಒಂದು ಕಪ್ಪು ಕಲ್ಲನ್ನೂ ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಬಿಳಿ ಚಿಪ್ಪನ್ನೂ ಇಟ್ಟು ಕಾದು ಕುಳಿತಳು. ಸಂಜೆಯ ಹೊತ್ತಿಗೆ ಕಪ್ಪು ಕಲ್ಲು ಬಿಸಿಲು ಕುಡಿದು, ತನ್ನ ಕೆಳಗಿನ ಹಿಮವನ್ನು ಕರಗಿಸಿಕೊಂಡು, ಅರ್ಧ ಪಂಜದಷ್ಟು ಒಳಗಿಳಿದಿತ್ತು. ಬಿಳಿ ಚಿಪ್ಪು ಇಟ್ಟಲ್ಲೇ ಇತ್ತು.

ನೀತಿ: ನೆರೆಯವರನ್ನು ಸಂಶಯಿಸುವ ಮೊದಲು ನಾವು ಕೇಳಿದ ಕತೆಯನ್ನೇ ಅಳೆದು ನೋಡಬೇಕು; ಏಕೆಂದರೆ ತಪ್ಪು ಕಾರಣವನ್ನು ನಂಬಿದವರ ಕಾಲಡಿಯಲ್ಲಿ ನಿಜವಾದ ಕಾರಣ ತನ್ನ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತದೆ.