ಹನ್ನೆರಡು ಗಂಟೆಯ ತಂಟೆಕೋರ

ಮಾರ್ಚ್ ಬಂತೆಂದರೆ ನಮ್ಮ ಕಾನ್ವೆಂಟ್ ಹೈಸ್ಕೂಲನ್ನು ನೋಡಿ ಅಳೆಯುವ ಅಪ್ಪ-ಅಮ್ಮಂದಿರ ಸಾಲೇ ಸಾಲು. ಹೆಡ್‌ಮಿಸ್ಟ್ರೆಸ್ ಸಿಸ್ಟರು ನಕ್ಕು ಮಾತಾಡಿಸಿ, ಶಾಲೆ ತೋರಿಸಲು ಆಯಾ ಆದ ನನ್ನ ಜೊತೆ ಕಳಿಸುತ್ತಾರೆ. ತಲೆ ತಿನ್ನಿಸಿಕೊಳ್ಳುವುದು ನಾನು.

ಅವತ್ತು ಕಂಟ್ರಾಕ್ಟರ್ ಯತಿರಾಜ ಆಳ್ವರು ಮಗಳ ಜೊತೆ ಬಂದರು. ಲ್ಯಾಬಿನಲ್ಲಿ ಧೂಳು ಹುಡುಕಿದರು. ಕುಡಿಯುವ ನೀರನ್ನು ಮೂಸಿದರು. ಬೆಂಚು ಹಿಡಿದು ಅಲ್ಲಾಡಿಸಿದರು. ಕೊನೆಗೆ ಅಂಗಳದಲ್ಲಿ ನಿಂತು ಹಠ ಹಿಡಿದರು.

"ಶಿಸ್ತು ಉಂಟು ಅಂತ ಎಲ್ಲ ಶಾಲೆಯವರೂ ಹೇಳ್ತಾರೆ. ತಂಟೆಕೋರರನ್ನು ಅಡಗಿಸಿ ಇಡ್ತೀರಿ. ಅಂಥವನೊಬ್ಬನನ್ನು ತೋರಿಸು, ಆಮೇಲೆ ಮಗಳನ್ನು ಸೇರಿಸುವ ಮಾತು."

"ತೋರಿಸುವ ಸರ್. ಈಗ ಹನ್ನೆರಡಾಯ್ತು. ಗಂಟೆ ಬಿದ್ದರೆ ಇಲ್ಲಿ ಎಲ್ಲರೂ ಇದ್ದಲ್ಲೇ ಸುಮ್ಮನೆ ನಿಂತು ಪ್ರಾರ್ಥನೆ ಮಾಡುವ ಕ್ರಮ ಉಂಟು," ಎಂದು ಹೇಳಿ ಹೋಗಿ ಗಂಟೆ ಹೊಡೆದೆ.

ಚೆಂಡು ಎತ್ತಿದ ಹುಡುಗಿ ಚೆಂಡು ಹಿಡಿದೇ ನಿಂತಳು. ಸಿಸ್ಟರು ಮೆಟ್ಟಿಲ ಮೇಲೆ ನಿಂತರು. ಆಳ್ವರ ಮಗಳೂ ಕೈಮುಗಿದು ನಿಂತಳು. ಆಗ ಆಳ್ವರ ಫೋನು ರಿಂಗಾಯಿತು.

"ಹಲೋ! ಜಲ್ಲಿ ಬಂತಾ? ಎಂತ ಮಾರಾಯ, ನಿಂಗೆ ಕಿವಿ ಕೇಳುದಿಲ್ವಾ?"

ಅಷ್ಟು ಬೊಬ್ಬೆಗೂ ಅಂಗಳದಲ್ಲಿ ಒಂದು ತಲೆಯೂ ತಿರುಗಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಅವರು ಫೋನು ಜೇಬಿಗಿಟ್ಟು, "ಎಲ್ಲಿ ನಿನ್ನ ತಂಟೆಕೋರ?" ಎಂದರು.

"ಈಗ ಇಡೀ ಶಾಲೆಗೆ ಕೇಳುವ ಹಾಗೆ ಜಲ್ಲಿ ತರಿಸಿದರಲ್ಲ ಸರ್, ಅವರೇ. ಆದರೆ ಅವರಿಗೆ ನಮ್ಮಲ್ಲಿ ಇನ್ನೂ ಅಡ್ಮಿಷನ್ ಆಗಿಲ್ಲ."

ಆಳ್ವರು ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡರು. ಮಗಳು ನಗು ತಡೆದುಕೊಂಡು ಅವರ ತೋಳು ಹಿಡಿದಳು.

"ಅಪ್ಪ, ನಾನು ಇಲ್ಲಿಗೇ ಸೇರ್ತೇನೆ. ನೀವು ಮಾತ್ರ ಹನ್ನೆರಡು ಗಂಟೆಗೆ ಬರ್ಬೇಡಿ."