ದೀಪ ಕೇಳದೆ ಇಳಿದವನು

"ಗುರುಗಳೇ, ಗೆಳೆಯ ಗಿರಿಮಲ್ಲನಿಗೆ 'ಬೆಟ್ಟ ಹತ್ತಲು ಬರುತ್ತೀಯಾ' ಎಂದು ಮೊಬೈಲಿನಲ್ಲಿ ಕೇಳಿದೆ. ಯಾವಾಗ ಕರೆದರೂ ನೂರೆಂಟು ಪ್ರಶ್ನೆ ಕೇಳುವವನು, ಈ ಸಲ 'ಡೌನ್' ಎಂದಷ್ಟೇ ಬರೆದ. ಇಂಗ್ಲಿಷಿನಲ್ಲಿ ಮನಸ್ಸು ಕುಗ್ಗಿದರೂ ಡೌನ್, ಬರಲು ತಯಾರಿದ್ದರೂ ಡೌನ್. ನಿಘಂಟಿನಲ್ಲಿ ಎರಡೂ ಅರ್ಥ ಇವೆ. ಯಾವುದೆಂದು ತಿಳಿಯುವುದು ಹೇಗೆ?"

ಪ್ರಶ್ನೆ ಕೇಳಿದ ಶಿಷ್ಯ ನಿಂಗರಾಜನಿಗೇ ನಗು ಬಂತು. ಗುರುಗಳು ನಗಲಿಲ್ಲ. ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನು ಇಳಿಯುವಾಗ ಹಗ್ಗ ಹಿಡಿಯುತ್ತಿದ್ದವನು ಅವನ ಹೆಂಡತಿಯ ತಮ್ಮ. ಹಳೆಯ ಬಾವಿಯ ತಳದಲ್ಲಿ ಉಸಿರು ಕಟ್ಟಿಸುವ ಕೆಟ್ಟ ಗಾಳಿ ಇರುವುದುಂಟು. ಅದಕ್ಕೆ ಅವನು ಉರಿಯುವ ಲಾಟೀನನ್ನು ಮೊದಲು ಇಳಿಸಿ ನೋಡುತ್ತಿದ್ದ. ದೀಪ ಆರಿದರೆ ರಾಜನೇ ಹೇಳಿದರೂ ಇಳಿಯುವ ಆಸಾಮಿಯಲ್ಲ. ಭಾವನಿಗೆ ಜೀವದ ಮೇಲೆ ಬಹಳ ಆಸೆ ಎಂದು ಮೈದುನ ಗೇಲಿ ಮಾಡುತ್ತಿದ್ದ.

ಹೀಗಿರುವಾಗ ಅವನ ಹೆಂಡತಿ ತೀರಿಕೊಂಡಳು. ಅವನು ಮಾತು ಬಿಟ್ಟ, ಮನೆಯಲ್ಲೇ ಕೂತ. ಕೆಲವು ದಿನ ಕಳೆದ ಮೇಲೆ ವ್ಯಾಪಾರಿಯೊಬ್ಬ ತನ್ನ ಪಾಳು ಬಾವಿಯ ಹೂಳು ತೆಗೆಸಲು ಇಬ್ಬರನ್ನೂ ಕರೆಸಿದ.

"ಇಳಿತೀಯೇನಪ್ಪ?" ಎಂದು ವ್ಯಾಪಾರಿ ಕೇಳಿದ.

"ಓಹೋ, ಇಳಿತೀನಿ. ಅದಕ್ಕೇನಂತೆ!"

ಹೇಳಿದವನೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅಂತೂ ಭಾವ ಚೇತರಿಸಿಕೊಂಡನಲ್ಲ ಎಂದು ಮೈದುನನಿಗೆ ಸಮಾಧಾನವಾಯಿತು. ಖುಷಿಯಿಂದಲೇ ಹಗ್ಗ ಬಿಡುತ್ತ ಹೋದ. ಭಾವನ ತಲೆ ಕತ್ತಲಲ್ಲಿ ಮರೆಯಾಯಿತು. ಆಗ ಕಟ್ಟೆಯ ಮೇಲಿದ್ದ ಲಾಟೀನು ಕಣ್ಣಿಗೆ ಬಿತ್ತು. ಅದನ್ನು ಹೊತ್ತಿಸಿಯೇ ಇರಲಿಲ್ಲ.

ಅವನು ತಟ್ಟನೆ ಹಗ್ಗವನ್ನು ತಡೆದು ಹಿಡಿದ.

"ಯಾಕೋ ನಿಲ್ಲಿಸಿದೆ? ಬಿಡು, ಇಳಿಸು," ಎಂದು ಭಾವ ಕೆಳಗಿನಿಂದ ಕೂಗಿದ.

"ದೀಪ ಯಾಕೆ ಕೇಳಲಿಲ್ಲ ಭಾವ?"

ಹಗ್ಗ ಅಲುಗಾಡತೊಡಗಿತು. ಭಾವ ಗಂಟು ಬಿಚ್ಚಲು ನೋಡುತ್ತಿದ್ದಾನೆಂದು ಹಿಡಿದ ಕೈಗೆ ಗೊತ್ತಾಯಿತು. ಪುಣ್ಯಕ್ಕೆ ಮೈಭಾರಕ್ಕೆ ಗಂಟು ಬಿಗಿದಿತ್ತು. ಮೈದುನ ವ್ಯಾಪಾರಿಯನ್ನು ಕೂಗಿ ಕರೆದ. ಇಬ್ಬರೂ ಕಟ್ಟೆಗೆ ಕಾಲು ಕೊಟ್ಟು ಅಂಗೈ ಸುಲಿಯುವಂತೆ ಎಳೆದರು. ಮೇಲೆ ಬಂದವನು ಮೈದುನನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಸತ್ತ ದಿನವೂ ಅವನು ಅತ್ತಿರಲಿಲ್ಲ.

ಆಮೇಲೆ ಲಾಟೀನು ಹೊತ್ತಿಸಿ ಇಳಿಸಿದರು. ತಳ ಮುಟ್ಟುವ ಮೊದಲೇ ಆರಿಹೋಯಿತು.

ಕತೆ ಅಲ್ಲಿಗೆ ನಿಂತಿತು. ನಿಂಗರಾಜನ ಮುಖದಲ್ಲಿ ನಗು ಉಳಿದಿರಲಿಲ್ಲ. ಆದರೂ ಕೇಳಿದ: "ಹಾಗಾದರೆ ಆ ಮಾತಿಗೆ ಯಾವ ಅರ್ಥ ಇಟ್ಟುಕೊಳ್ಳಲಿ, ಗುರುಗಳೇ?"

ಗುರುಗಳು ಅವನನ್ನೇ ನೋಡುತ್ತ ಹೇಳಿದರು:

"ಅರ್ಥ ಹಾಗಿರಲಿ, ಗಿರಿಮಲ್ಲ ಈಗ ಎಲ್ಲಿದ್ದಾನಪ್ಪ?"