ಸೀಗೆಪುಡಿ ಮತ್ತು ಗಿರಣಿಯ ಹೊಗೆ

ಹೇಮಗಿರಿಯಷ್ಟು ದೊಡ್ಡ ರಾಜ್ಯ ಸುತ್ತಮುತ್ತ ಇರಲಿಲ್ಲ. ಅದರ ರಾಜ ವೀರಭೂಪಾಲನಷ್ಟು ಮಾತುಗಾರನೂ ಇರಲಿಲ್ಲ.

"ಇಪ್ಪತ್ತೇ ವರ್ಷ! ಆಮೇಲೆ ನಮ್ಮ ನೂಲಿನ ಗಿರಣಿಗೆ ಕಲ್ಲಿದ್ದಲೇ ಬೇಡ. ಹೊಳೆಯ ನೀರೇ ಅದನ್ನು ತಿರುಗಿಸುತ್ತದೆ" ಎಂದು ಆತ ಮೂರನೆಯ ಸಲ ಡಂಗುರ ಹೊಡೆಸಿದ. ಆಸ್ಥಾನ ಚಪ್ಪಾಳೆ ತಟ್ಟಿತು.

ಅರಮನೆಯ ಬಚ್ಚಲು ನೋಡಿಕೊಳ್ಳುವ ಬಾಳವ್ವ ತಟ್ಟಲಿಲ್ಲ. "ನೀರಿನ ಚಕ್ರ ಕಟ್ಟಿ ಮೂರು ವರ್ಷವಾಯಿತು ಪ್ರಭು. ತೂಬು ಎತ್ತಿದರೆ ತಿರುಗುತ್ತದೆ. ಗಿರಣಿಯ ಹೊಗೆಗೆ ನನ್ನ ತಂಗಿಯ ಒಂದು ಕಣ್ಣು ಹೋಯಿತು. ಇನ್ನೊಂದು ಈ ವರ್ಷ ದಾಟುವುದಿಲ್ಲ ಅಂತಾರೆ ವೈದ್ಯರು."

"ನಾವು ಬೆಳೆಯುತ್ತಿರುವ ರಾಜ್ಯ ಕಣವ್ವ! ಪಕ್ಕದ ರತ್ನಪುರದವರು ನೂರು ವರ್ಷ ಹೊಗೆ ಬಿಟ್ಟೇ ಸಿರಿವಂತರಾದರು. ಅವರು ಮೊದಲು ನಿಲ್ಲಿಸಲಿ."

ಗಿರಣಿಗೆ ಕಲ್ಲಿದ್ದಲು ಒದಗಿಸುತ್ತಿದ್ದ ಮಂತ್ರಿ ತಲೆಯಾಡಿಸಿದ. ಆ ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು.

ನರಕ ಚತುರ್ದಶಿ ಬಂತು. ಆ ಅರಮನೆಯಲ್ಲೊಂದು ಕಟ್ಟಳೆ. ಹಬ್ಬದ ಮೊದಲ ತಂಬಿಗೆ ನೀರು ಬಾಳವ್ವನ ಕೈಯಿಂದಲೇ ಬೀಳಬೇಕು. ಅಲ್ಲಿಯವರೆಗೆ ರಾಜ ಮಣೆ ಬಿಟ್ಟು ಏಳುವಂತಿಲ್ಲ, ಬೇರೆಯವರು ಹಂಡೆ ಮುಟ್ಟುವಂತಿಲ್ಲ.

ಜಟ್ಟಿಗಳು ರಾಜನಿಗೆ ಎಣ್ಣೆ ತಿಕ್ಕಿ, ತಲೆಗೆ ಸೀಗೆಪುಡಿ ಮೆತ್ತಿದರು. ಪುಡಿ ಕಣ್ಣಿಗಿಳಿಯಿತು.

"ನೀರು! ಬಾಳವ್ವ, ನೀರು ಹಾಕು!"

"ಹಾಕುವುದೆಂದು ತೀರ್ಮಾನವಾಗಿದೆ ಪ್ರಭು. ಇಪ್ಪತ್ತು ವರ್ಷದಲ್ಲಿ, ಹಂತ ಹಂತವಾಗಿ."

"ಕಣ್ಣು ಉರಿಯುತ್ತಿದೆ ಕಣೇ!"

"ರತ್ನಪುರದ ರಾಜರೂ ಈಗ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾರೆ. ಅವರು ಮೊದಲು ತೊಳೆದುಕೊಳ್ಳಲಿ. ನಮಗೇನು ಅವಸರ?"

ಜಟ್ಟಿಗಳು ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಭುಜ ಕುಲುಕುತ್ತಿತ್ತು.

"ಆಯಿತು ತಾಯಿ! ನಾಳೆಯೇ ಚಕ್ರ ತಿರುಗುತ್ತದೆಂದು ಡಂಗುರ ಹೊಡೆಸುತ್ತೇನೆ!"

"ಡಂಗುರ ಬೇಕಾದಷ್ಟು ಕೇಳಿದ್ದೇನೆ. ಚಕ್ರದ ಸದ್ದು ಕೇಳಿಸಲಿ."

ಬಾಗಿಲಲ್ಲಿ ನಿಂತಿದ್ದ ಮಂತ್ರಿ, "ಈ ಬಗ್ಗೆ ಇನ್ನೊಂದು ಸಭೆ ಕರೆದು..." ಎಂದು ಶುರುಮಾಡಿದ.

"ಓಡೋ!" ಎಂದು ರಾಜ ಕಿರುಚಿದ.

ಮಂತ್ರಿ ರೇಷ್ಮೆ ಪಂಚೆ ಮೇಲೆತ್ತಿಕೊಂಡು ಹೊಳೆಯ ದಂಡೆಗೆ ಓಡಿ, ತಾನೇ ತೂಬು ಎತ್ತಿದ. ಚಕ್ರ ಗರಗರ ತಿರುಗುವ ಸದ್ದು ಬಚ್ಚಲಿನವರೆಗೆ ಕೇಳಿಸಿತು. ಆಗ ಬಾಳವ್ವ ತಂಬಿಗೆ ಎತ್ತಿದಳು.

ರಾಜ ಕೆಂಪು ಕಣ್ಣು ಬಿಟ್ಟ. ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟ. "ಅಲ್ಲ ಕಣೇ, ತಂಗಿಯ ಕಣ್ಣಿಗಾಗಿ ರಾಜನ ಕಣ್ಣನ್ನೇ ಉರಿಸಬೇಕಿತ್ತೆ?"

"ಅವಳ ಕಣ್ಣು ಮೂರು ವರ್ಷ ಉರಿಯಿತು ಪ್ರಭು, ಯಾರೂ ಅಲುಗಲಿಲ್ಲ. ನಿಮ್ಮದು ಅರ್ಧ ಗಳಿಗೆ ಉರಿಯಿತು, ಮಂತ್ರಿಯೇ ಓಡಿದರು. ಇನ್ನು ಯಾರ ಕಣ್ಣು ಉರಿಸಬೇಕಿತ್ತು, ನೀವೇ ಹೇಳಿ."